ಇಡ್ಲಿ ಹಿಟ್ಟಿನ ಹುದುಗನ್ನು ಗುರುತಿಸುವ ಇಲೆಕ್ಟ್ರಾನಿಕ್ ಮೂಗು: ಕಟ್ಟುವ ಮತ್ತು ಕಲಿಸುವ ಕ್ರಮ

ಒಂದು ವಾಸನೆಯನ್ನು ಗುರುತಿಸಬೇಕಾದರೆ ಆ ವಾಸನೆಗೆಂದೇ ಮೀಸಲಾದ ಸೆನ್ಸರ್ ಬೇಕೆಂದು ಯಾರಿಗಾದರೂ ಅನಿಸುವುದು ಸಹಜ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವು ಬೇರೆಯೇ ದಾರಿಯನ್ನು ತೋರಿಸಿತು. ಯಾವ ಒಂದು ವಾಸನೆಗೂ ಮೀಸಲಾಗದೆ ಹಲವು ಆವಿಗಳಿಗೆ ಅಷ್ಟಿಷ್ಟು ಸ್ಪಂದಿಸುವ ಕೆಲವೇ ಅರೆವಾಹಕ ಸೆನ್ಸರುಗಳನ್ನು ಒಟ್ಟಿಗೆ ಇಟ್ಟು, ಅವುಗಳ ಸ್ಪಂದನೆಗಳ ಪರಸ್ಪರ ಪ್ರಮಾಣವನ್ನು ಓದಿದರೆ ಬೇರೆ ಬೇರೆ ವಾಸನೆಗಳನ್ನು ಪ್ರತ್ಯೇಕಿಸಬಹುದು ಎಂಬುದು ಅದರ ತಿರುಳು. ಇಂಥ ಸೆನ್ಸರುಗಳ ಗುಂಪನ್ನೂ ಅದರ ಅಂಕಿಗಳನ್ನು ಓದಿ ಉತ್ತರ ಹೇಳುವ ಕಂಪ್ಯೂಟರನ್ನೂ ಸೇರಿಸಿ ಇಲೆಕ್ಟ್ರಾನಿಕ್ ಮೂಗು ಎನ್ನುತ್ತಾರೆ. ಸಸ್ತನಿಗಳ ಮೂಗು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನ ಕೋಲ್ಕತ್ತ ಕೇಂದ್ರವು ಚಹಾ ಎಲೆಯ ಹುದುಗು ಹದಕ್ಕೆ ಬಂದ ಹೊತ್ತನ್ನು ಗುರುತಿಸಲು ಇಂಥ ಮೂಗನ್ನು ರೂಪಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂದಾಗ, ಲೋಹದ ಆಕ್ಸೈಡಿನ ಅನಿಲ ಸೆನ್ಸರುಗಳ ಮೇಲಿನ ಅವರ ಕೆಲಸವೂ ಅದಕ್ಕೆ ಕಾರಣವಾಗಿ ಉಲ್ಲೇಖಗೊಂಡಿತ್ತು.

ಈ ಬರಹವು ಕಾಲೇಜಿನ ಪ್ರಯೋಗಾಲಯದಲ್ಲಿಯೋ ಮನೆಯ ಮೇಜಿನ ಮೇಲೆಯೋ ಮೊದಲ ಇಲೆಕ್ಟ್ರಾನಿಕ್ ಮೂಗನ್ನು ಕಟ್ಟಹೊರಟವರಿಗೆ. ಉದಾಹರಣೆಗೆ ಇಡ್ಲಿ ಹಿಟ್ಟನ್ನು ಆರಿಸಿಕೊಂಡಿದ್ದೇನೆ. ಅದು ಅಪಾಯವಿಲ್ಲದ, ಅಗ್ಗದ, ದಿನವೂ ಸಿಗುವ ವಸ್ತು. ರುಬ್ಬಿಟ್ಟ ಹೊತ್ತಿನಿಂದ ಹುಳಿಯಾಗುವವರೆಗೆ ಅದರ ವಾಸನೆ ಸ್ಪಷ್ಟವಾಗಿ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಕ್ಷೇತ್ರದ ಸಂಶೋಧಕರು ಮತ್ತೆ ಮತ್ತೆ ಎಡವುವ ತಪ್ಪು ಇಡ್ಲಿ ಹಿಟ್ಟಿನಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣಿಸುತ್ತದೆ. ಸಂಜೆ ರುಬ್ಬಿದ ಹಿಟ್ಟನ್ನು ರಾತ್ರಿ ಅಳೆದು ‘ಹಸಿ’ ಎಂದೂ, ಬೆಳಿಗ್ಗೆ ಅಳೆದು ‘ಹುದುಗಿದೆ’ ಎಂದೂ, ಮರುಸಂಜೆ ಅಳೆದು ‘ಹುಳಿ’ ಎಂದೂ ಬರೆದುಕೊಂಡು ಕಂಪ್ಯೂಟರಿಗೆ ಕಲಿಸಿದರೆ, ಅದು ಹಿಟ್ಟಿನ ವಾಸನೆಯ ಬದಲು ಕೋಣೆಯ ಉಷ್ಣಾಂಶವನ್ನೋ ಗಾಳಿಯ ತೇವವನ್ನೋ ಸೆನ್ಸರಿನ ಆ ಹೊತ್ತಿನ ಸ್ಥಿತಿಯನ್ನೋ ಕಲಿತಿರಬಹುದು. ಪರದೆಯ ಮೇಲೆ ಮಾತ್ರ ನೂರಕ್ಕೆ ತೊಂಬತ್ತೆಂಟು ಸರಿ ಎಂದು ಬರುತ್ತದೆ. ಇಂಥ ಮೋಸ ನಡೆಯದಂತೆ ಅಳತೆಯನ್ನು ಯೋಜಿಸುವುದೇ ಈ ಕೆಲಸದ ಬಹುಪಾಲು ಎಂದು ನಾನು ನಂಬಿದ್ದೇನೆ. ಯಾವ ಆಲ್ಗಾರಿದಮ್ (ಕಂಪ್ಯೂಟರ್ ಕಲಿಯುವ ಲೆಕ್ಕದ ಕ್ರಮ) ಬಳಸಬೇಕು ಎಂಬ ಪ್ರಶ್ನೆ ಆಮೇಲಿನದು.

ಮೊದಲು ಪ್ರಶ್ನೆ, ಆಮೇಲೆ ಸಲಕರಣೆ

ಸೆನ್ಸರುಗಳನ್ನು ಕೊಳ್ಳುವ ಮೊದಲು, ಮೂಗು ಹೇಳಬೇಕಾದ ಉತ್ತರವನ್ನು ಮೂಗಿನ ನೆರವಿಲ್ಲದೆ ತಿಳಿಯುವುದು ಹೇಗೆ ಎಂದು ನಿರ್ಧರಿಸಿರಿ. ರುಬ್ಬಿ ಎಷ್ಟು ಗಂಟೆಯಾಯಿತು ಎಂಬುದು ಒಳ್ಳೆಯ ಗುರುತಲ್ಲ, ಏಕೆಂದರೆ ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹನ್ನೆರಡು ಗಂಟೆಯಾದರೂ ಉಬ್ಬದ ಹಿಟ್ಟು ಮಂಗಳೂರಿನ ಏಪ್ರಿಲಿನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಪಾತ್ರೆ ತುಂಬಿ ಉಕ್ಕುತ್ತದೆ. ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಮೊದಲಾದ ಬ್ಯಾಕ್ಟೀರಿಯಾಗಳು ಹಿಟ್ಟಿನಲ್ಲಿ ಆಮ್ಲವನ್ನೂ ಅನಿಲವನ್ನೂ ಉಂಟುಮಾಡುವುದರಿಂದ, ಪಿಎಚ್ ಬೆಲೆ (ಆಮ್ಲತೆಯ ಅಳತೆ) ಮತ್ತು ಹಿಟ್ಟು ಉಬ್ಬಿದ ಪ್ರಮಾಣ ಇವೆರಡೂ ನಂಬಬಹುದಾದ ಗುರುತುಗಳಾಗುತ್ತವೆ. ಅಂಚಿನಲ್ಲಿ ಗೆರೆಗಳಿರುವ ಗಾಜಿನ ಅಳತೆಪಾತ್ರೆ ಮತ್ತು ದಿನವೂ ಬಫರ್ ದ್ರಾವಣದಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಹೊಂದಿಸಿದ ಪಿಎಚ್ ಮೀಟರ್ ಇದಕ್ಕೆ ಸಾಕು. ಪ್ರತಿ ಸಲ ಮೂಗಿನಿಂದ ಅಳೆಯುವ ಮುನ್ನವೇ ಇವೆರಡನ್ನೂ ಅಳೆದು ಬರೆದಿಡಬೇಕು. ಹಸಿ, ಹದ, ಹುಳಿ ಎಂಬ ಮೂರು ವರ್ಗಗಳನ್ನು ಬೇಕಾದರೆ ಆಮೇಲೆ ಈ ಅಂಕಿಗಳಿಂದಲೇ ಮಾಡಿಕೊಳ್ಳಬಹುದು. ಆದರೆ ಮೂಲ ಅಂಕಿಗಳನ್ನು ಕಳೆದುಕೊಂಡರೆ ವರ್ಗದಿಂದ ಅವುಗಳಿಗೆ ಹಿಂತಿರುಗಲಾಗದು.

ಸೆನ್ಸರುಗಳ ಆಯ್ಕೆ

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಅನಿಲ ಸೆನ್ಸರುಗಳಲ್ಲಿ ಹೆಚ್ಚಿನವು ತವರದ ಡೈಆಕ್ಸೈಡಿನಿಂದ ಮಾಡಿದವು. ಜಪಾನಿನಲ್ಲಿ 1962ರಲ್ಲಿ ಸೆಯಿಯಾಮಾ ಸತು ಆಕ್ಸೈಡಿನ ತೆಳುಪದರದ ಮೇಲೆ ಈ ಗುಣವನ್ನು ತೋರಿಸಿದರು, ಅದೇ ಕಾಲಕ್ಕೆ ತಗುಚಿ ತವರದ ಆಕ್ಸೈಡಿನ ಸೆನ್ಸರನ್ನು ರೂಪಿಸಿದರು. ಇದರ ಕೆಲಸ ಸರಳ. ಒಳಗಿನ ಪುಟ್ಟ ಹೀಟರ್ ಆಕ್ಸೈಡನ್ನು ಕೆಲವು ನೂರು ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡುತ್ತದೆ. ಆ ಬಿಸಿಯಲ್ಲಿ ಗಾಳಿಯ ಆಮ್ಲಜನಕವು ಹರಳಿನ ಮೇಲ್ಮೈಗೆ ಅಂಟಿಕೊಂಡು ಅಲ್ಲಿಯ ಇಲೆಕ್ಟ್ರಾನುಗಳನ್ನು ಹಿಡಿದಿಡುವುದರಿಂದ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ರೋಧ ಹೆಚ್ಚಿರುತ್ತದೆ. ಮದ್ಯಸಾರದಂಥ ಆವಿ ಬಂದು ಆ ಆಮ್ಲಜನಕದೊಡನೆ ವರ್ತಿಸಿದಾಗ ಇಲೆಕ್ಟ್ರಾನುಗಳು ಹರಳಿಗೆ ಮರಳುತ್ತವೆ, ರೋಧ ಇಳಿಯುತ್ತದೆ. ಇಷ್ಟನ್ನು ಅರ್ಥಮಾಡಿಕೊಂಡರೆ ಒಂದು ಸಾಮಾನ್ಯ ತಪ್ಪುಕಲ್ಪನೆಯೂ ಕಳಚಿಕೊಳ್ಳುತ್ತದೆ. ಎಂಕ್ಯೂ-135 ಎಂಬ ತವರದ ಆಕ್ಸೈಡ್ ಸೆನ್ಸರನ್ನು ಕಾರ್ಬನ್ ಡೈಆಕ್ಸೈಡ್ ಅಳೆಯುವ ಸಾಧನವೆಂದು ಬಳಸುವ ಪ್ರಾಜೆಕ್ಟುಗಳು ಬಹಳ. ಆದರೆ ಕಾರ್ಬನ್ ಡೈಆಕ್ಸೈಡ್ ಆಗಲೇ ಪೂರ್ತಿ ಉತ್ಕರ್ಷಣಗೊಂಡ ಅನಿಲವಾದ್ದರಿಂದ ಬಿಸಿ ತವರದ ಆಕ್ಸೈಡಿನ ಮೇಲಿನ ಆಮ್ಲಜನಕದೊಡನೆ ಅದು ಹಾಗೆ ವರ್ತಿಸುವುದಿಲ್ಲ. ಹಿಟ್ಟು ಹೊರಬಿಡುವ ಕಾರ್ಬನ್ ಡೈಆಕ್ಸೈಡನ್ನೂ ಅಳೆಯಬೇಕೆಂದಿದ್ದರೆ ಅವಕೆಂಪು (ಇನ್ಫ್ರಾರೆಡ್) ಬೆಳಕಿನ ತತ್ವದ ಬೇರೆ ಸೆನ್ಸರನ್ನೇ ಸೇರಿಸಿರಿ.

ಆರಂಭಕ್ಕೆ ನಾಲ್ಕರಿಂದ ಎಂಟು ಸೆನ್ಸರುಗಳು ಸಾಕು. ಮದ್ಯಸಾರಕ್ಕೆ ಚುರುಕಾದ ಎಂಕ್ಯೂ-3 ಅಥವಾ ಟಿಜಿಎಸ್ 2620, ವಾಸನೆಯ ಆವಿಗಳಿಗೆ ಸ್ಪಂದಿಸುವ ಟಿಜಿಎಸ್ 2602, ಗಾಳಿಯ ಸಾಮಾನ್ಯ ಮಾಲಿನ್ಯಕ್ಕೆಂದು ಮಾಡಿದ ಟಿಜಿಎಸ್ 2600, ಜೊತೆಗೆ ಎಂಕ್ಯೂ-135 ಹೀಗೆ ಸ್ವಭಾವ ಭಿನ್ನವಾದವನ್ನು ಆರಿಸಬೇಕು. ಒಂದೇ ಬಗೆಯ ಆರು ಸೆನ್ಸರುಗಳು ಒಂದೇ ಮಾತನ್ನು ಆರು ಸಲ ಹೇಳುತ್ತವೆ. ಆದರೂ ಪ್ರತಿ ಬಗೆಯಲ್ಲೂ ಎರಡೆರಡು ಕೊಳ್ಳುವುದು ಜಾಣತನ, ಒಂದು ಕೆಟ್ಟಾಗ ಅದು ಕೆಟ್ಟಿತೆಂದು ತಿಳಿಯುವುದು ಜೋಡಿಯನ್ನು ಹೋಲಿಸಿದಾಗಲೇ. ಬಾಷ್ ಸಂಸ್ಥೆಯ ಬಿಎಂಇ688 ಇನ್ನೊಂದು ದಾರಿ. ಅದರ ಹೀಟರನ್ನು ಹಲವು ಮೆಟ್ಟಿಲುಗಳಲ್ಲಿ ಬೇರೆ ಬೇರೆ ಉಷ್ಣಾಂಶಕ್ಕೆ ಏರಿಸಿ ಇಳಿಸಬಹುದು. ಪ್ರತಿ ಉಷ್ಣಾಂಶದಲ್ಲೂ ಆವಿಗಳು ಬೇರೆ ರೀತಿ ವರ್ತಿಸುವುದರಿಂದ ಒಂದೇ ಚಿಪ್ ಹಲವು ಸೆನ್ಸರುಗಳಂತೆ ಕೆಲಸ ಮಾಡುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಎಂಕ್ಯೂ-3ರ ಹೀಟರಿನ ರೋಧ ಸುಮಾರು 33 ಓಮ್, ಅಂದರೆ 5 ವೋಲ್ಟಿಗೆ ಅದೊಂದೇ ಸುಮಾರು 150 ಮಿಲಿಆಂಪಿಯರ್ ಎಳೆಯುತ್ತದೆ. ಇಂಥ ನಾಲ್ಕು ಸೆನ್ಸರುಗಳನ್ನು ಅವುಗಳನ್ನು ಓದುವ ಆರ್ಡುಯಿನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡಿನಿಂದಲೇ ನಡೆಸಹೊರಟರೆ ವೋಲ್ಟೇಜ್ ಕುಸಿದು ಹೀಟರಿನ ಬಿಸಿ ಏರುಪೇರಾಗುತ್ತದೆ, ಬಿಸಿ ಏರುಪೇರಾದರೆ ರೋಧವೂ ಏರುಪೇರಾಗುತ್ತದೆ. ಹೀಟರುಗಳಿಗೆ ಸ್ಥಿರವಾದ ಪ್ರತ್ಯೇಕ 5 ವೋಲ್ಟ್ ಪೂರೈಕೆ ಕೊಡಿರಿ. ಎರಡನೆಯದು ಲೋಡ್ ರೋಧಕ, ಅಂದರೆ ಸೆನ್ಸರಿನೊಡನೆ ಸಾಲಾಗಿ ಜೋಡಿಸುವ ಸ್ಥಿರ ರೋಧಕ. ಸೆನ್ಸರಿನ ರೋಧವನ್ನು ವೋಲ್ಟೇಜ್ ವಿಭಾಜಕದ (ವೋಲ್ಟೇಜು ಈ ಎರಡರ ನಡುವೆ ಹಂಚಿಹೋಗುವ ಜೋಡಣೆ) ಮೂಲಕ ಓದುವಾಗ, ಲೋಡ್ ರೋಧಕದ ರೋಧವು ಸೆನ್ಸರಿನ ರೋಧಕ್ಕೆ ಹತ್ತಿರವಿದ್ದಾಗ ಸೂಕ್ಷ್ಮತೆ ಅತಿ ಹೆಚ್ಚು. ಅಗ್ಗದ ಮಾಡ್ಯೂಲುಗಳ ಮೇಲೆ ಬೆಸೆದಿರುವ ರೋಧಕವನ್ನು ನಂಬದೆ, ನಿಮ್ಮ ಹಿಟ್ಟಿನ ಆವಿಯಲ್ಲಿ ಸೆನ್ಸರಿನ ರೋಧ ಎಷ್ಟಿರುತ್ತದೆಂದು ಒಮ್ಮೆ ಅಳೆದು, ಅದಕ್ಕೆ ಹೊಂದುವ ರೋಧಕವನ್ನು ಹಾಕಿರಿ. ಓದಲು ಎಡಿಎಸ್1115ನಂಥ ವೋಲ್ಟೇಜನ್ನು ಅಂಕಿಯಾಗಿಸುವ 16 ಬಿಟ್ ಪರಿವರ್ತಕವಿದ್ದರೆ ಸಣ್ಣ ಬದಲಾವಣೆಗಳೂ ಕಾಣುತ್ತವೆ.

ಹೊಸ ಸೆನ್ಸರನ್ನು ತಂದ ದಿನವೇ ಅಳತೆ ಆರಂಭಿಸಬಾರದು. ತಯಾರಕರು ಕನಿಷ್ಠ ಒಂದೆರಡು ದಿನ ಹೀಟರನ್ನು ಸತತವಾಗಿ ಉರಿಸಲು ಹೇಳುತ್ತಾರೆ. ಒಂದು ವಾರ ಉರಿಸಿದರೆ ಇನ್ನೂ ಒಳ್ಳೆಯದು, ಆಮೇಲೆ ಪ್ರಯೋಗ ಮುಗಿಯುವವರೆಗೂ ಆರಿಸದಿರುವುದು ಎಲ್ಲಕ್ಕಿಂತ ಒಳ್ಳೆಯದು.

ಗಾಳಿಯ ದಾರಿ

ಸೆನ್ಸರುಗಳನ್ನು ಹಿಟ್ಟಿನ ಪಾತ್ರೆಯ ಮೇಲೆ ಹಾಗೇ ಹಿಡಿದರೆ ಬರುವ ಅಂಕಿಗಳಿಗೆ ಅರ್ಥವಿಲ್ಲ. ಗಾಜಿನ ಅಥವಾ ಸ್ಟೀಲಿನ ಸಣ್ಣ ಕೋಣೆಯೊಂದರಲ್ಲಿ ಸೆನ್ಸರುಗಳನ್ನಿಟ್ಟು, ಒಂದು ಪುಟ್ಟ ಪಂಪು ಮತ್ತು ಕವಾಟದ ಮೂಲಕ ಒಮ್ಮೆ ಶುದ್ಧ ಗಾಳಿಯನ್ನು, ಒಮ್ಮೆ ಹಿಟ್ಟಿನ ಮೇಲಿನ ಗಾಳಿಯನ್ನು ಒಂದೇ ವೇಗದಲ್ಲಿ ಹರಿಸಬೇಕು. ನಳಿಕೆಗಳು ಟೆಫ್ಲಾನಿನವಾಗಿರಲಿ. ಸಿಲಿಕೋನ್ ನಳಿಕೆಯನ್ನಾಗಲಿ ಸಿಲಿಕೋನ್ ಅಂಟನ್ನಾಗಲಿ ಸೆನ್ಸರಿನ ಹತ್ತಿರ ಸುಳಿಯಗೊಡಬೇಡಿರಿ. ಅದರಿಂದ ಹೊರಡುವ ಆವಿ ಬಿಸಿ ಆಕ್ಸೈಡಿನ ಮೇಲೆ ಸಿಲಿಕಾ ಪದರವಾಗಿ ಕೂತು ಸೆನ್ಸರನ್ನು ಶಾಶ್ವತವಾಗಿ ಕೆಡಿಸುತ್ತದೆ. ತ್ರೀಡಿ ಪ್ರಿಂಟರಿನಿಂದ ಮಾಡಿದ ಪ್ಲಾಸ್ಟಿಕ್ ಕೋಣೆ ನೋಡಲು ಅಚ್ಚುಕಟ್ಟು, ಆದರೆ ಪ್ಲಾಸ್ಟಿಕ್ ನಿನ್ನೆಯ ವಾಸನೆಯನ್ನು ಹೀರಿಟ್ಟುಕೊಂಡು ಇಂದು ಬಿಡುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಹಿಟ್ಟಿನ ಮೇಲಿನ ಗಾಳಿ ನೀರಾವಿಯಿಂದ ತುಂಬಿರುತ್ತದೆ, ತವರದ ಆಕ್ಸೈಡ್ ನೀರಾವಿಗೂ ಸ್ಪಂದಿಸುತ್ತದೆ. ಶುದ್ಧ ಗಾಳಿಯೆಂದು ಇದ್ದಿಲ ಫಿಲ್ಟರಿನ ಮೂಲಕ ಬಂದ ಒಣ ಗಾಳಿಯನ್ನು ಹರಿಸಿ, ಆಮೇಲೆ ಹಿಟ್ಟಿನ ತೇವದ ಗಾಳಿಯನ್ನು ಹರಿಸಿದರೆ, ಸೆನ್ಸರು ತೋರಿಸುವ ಜಿಗಿತದಲ್ಲಿ ದೊಡ್ಡ ಪಾಲು ನೀರಿನದೇ ಆಗಿರಬಹುದು. ಅದಕ್ಕಾಗಿ ಇದ್ದಿಲಿನಿಂದ ಬಂದ ಗಾಳಿಯನ್ನು, ಹಿಟ್ಟಿನ ಸೀಸೆಯಂಥದೇ ಇನ್ನೊಂದು ಸೀಸೆಯಲ್ಲಿ ಅದೇ ಉಷ್ಣಾಂಶದ ಕುದಿಸಿ ಆರಿಸಿದ ನೀರಿನ ಮೇಲೆ ಹಾಯಿಸಿ ಒಳಗೆ ಬಿಡಿರಿ. ಎರಡೂ ಸೀಸೆಗಳು 30 ಡಿಗ್ರಿ ಸೆಲ್ಸಿಯಸ್‌ನ ಒಂದೇ ನೀರಿನ ತೊಟ್ಟಿಯಲ್ಲಿರಲಿ. ಸೆನ್ಸರುಗಳ ಕೋಣೆಯೊಳಗೆ ಉಷ್ಣಾಂಶ ಮತ್ತು ತೇವವನ್ನು ಅಳೆಯುವ ಸೆನ್ಸರೊಂದು ಸದಾ ದಾಖಲಿಸುತ್ತಿರಲಿ. ಮಳೆಗಾಲದ ಉಡುಪಿಗೂ ಬೇಸಿಗೆಯ ಕಲಬುರಗಿಗೂ ಇರುವ ವ್ಯತ್ಯಾಸವನ್ನು ನೀವು ಕೆಲಸ ಮಾಡುವ ಕೊಠಡಿಯೂ ಒಂದೇ ದಿನದಲ್ಲಿ ಅಷ್ಟಿಷ್ಟು ಅನುಭವಿಸುತ್ತದೆ.

ಒಂದು ಅಳತೆಯ ಸರದಿಗೆ ಮೂರು ನಿಮಿಷ ಶುದ್ಧ ಗಾಳಿ, ಎರಡು ನಿಮಿಷ ಹಿಟ್ಟಿನ ಗಾಳಿ, ಮತ್ತೆ ಹತ್ತು ನಿಮಿಷ ಶುದ್ಧ ಗಾಳಿ ಎಂದು ಇಟ್ಟುಕೊಂಡು ಆರಂಭಿಸಿರಿ. ಕೊನೆಯ ಹತ್ತು ನಿಮಿಷದಲ್ಲಿ ರೋಧವು ಮೊದಲಿನ ಬೆಲೆಗೆ ಮರಳದಿದ್ದರೆ ಅವಧಿಯನ್ನು ಹೆಚ್ಚಿಸಬೇಕು. ಇದರಲ್ಲಿ ಆತುರ ಮಾಡಿದರೆ ಹಿಂದಿನ ಹಿಟ್ಟಿನ ವಾಸನೆ ಮುಂದಿನ ಹಿಟ್ಟಿನ ಲೆಕ್ಕಕ್ಕೆ ಸೇರುತ್ತದೆ.

ಅಳತೆಯ ಅನುಕ್ರಮ

ಈಗ ಎಲ್ಲಕ್ಕಿಂತ ಮುಖ್ಯವಾದ ಭಾಗಕ್ಕೆ ಬರೋಣ. ಗಾಳಿ ಸುರಂಗವೊಂದರಲ್ಲಿ ದಾಖಲಿಸಿದ, ಪ್ರಪಂಚದ ಅನೇಕ ಸಂಶೋಧಕರು ತಮ್ಮ ಆಲ್ಗಾರಿದಮುಗಳನ್ನು ಪರೀಕ್ಷಿಸಲು ಬಳಸುತ್ತಿದ್ದ ದತ್ತಾಂಶವೊಂದನ್ನು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಮರುಪರಿಶೀಲಿಸಿತು. ಅದರಲ್ಲಿ ಅನಿಲಗಳನ್ನು ಮಿಶ್ರಮಾಡದೆ, ಒಂದು ಅನಿಲದ ಅಳತೆಗಳನ್ನೆಲ್ಲ ಒಟ್ಟಿಗೆ ಮುಗಿಸಿ ಮುಂದಿನದಕ್ಕೆ ಹೋಗಿದ್ದರು. ಅಷ್ಟರಲ್ಲಿ ಸೆನ್ಸರುಗಳ ಮೂಲಮಟ್ಟ (ಶುದ್ಧ ಗಾಳಿಯಲ್ಲಿನ ಓದು) ನಿಧಾನವಾಗಿ ಸರಿದಿತ್ತು. ಇದರಿಂದಾಗಿ ಅನಿಲವನ್ನು ಬಿಡುವ ಮುನ್ನದ ಓದುಗಳಿಂದಲೇ ಯಾವ ಅನಿಲ ಬರಲಿದೆ ಎಂದು ಹೇಳಲು ಸಾಧ್ಯವಾಗುತ್ತಿತ್ತು. ಬಾರದ ವಾಸನೆಯನ್ನು ಯಾವ ಮೂಗೂ ಗುರುತಿಸಲಾರದು, ಯಂತ್ರ ಕಲಿತದ್ದು ದಿನಾಂಕವನ್ನು. ಕೈಪಳಗಿದ ಪ್ರಯೋಗಾಲಯದ ದತ್ತಾಂಶಕ್ಕೇ ಹೀಗಾಗುವುದಾದರೆ ನಮ್ಮ ಮೇಜಿನ ಮೇಲಿನ ಕೆಲಸದಲ್ಲಿ ಇನ್ನೆಷ್ಟು ಎಚ್ಚರ ಬೇಕೆಂದು ಯೋಚಿಸಿರಿ.

ಇಡ್ಲಿ ಹಿಟ್ಟಿಗೆ ಪರಿಹಾರವೆಂದರೆ ರುಬ್ಬುವ ಹೊತ್ತನ್ನು ಹಂಚುವುದು. ಬೆಳಿಗ್ಗೆ 9 ಗಂಟೆಗೆ ಅಳೆಯುವುದಾದರೆ, ಹಿಂದಿನ ದಿನ ಬೆಳಿಗ್ಗೆ 9ಕ್ಕೆ ರುಬ್ಬಿದ್ದು, ಹಿಂದಿನ ರಾತ್ರಿ 9ಕ್ಕೆ ರುಬ್ಬಿದ್ದು, ಅದೇ ಬೆಳಿಗ್ಗೆ 7ಕ್ಕೆ ರುಬ್ಬಿದ್ದು ಹೀಗೆ ಮೂರು ಹಂತದ ಹಿಟ್ಟೂ ಒಂದೇ ಹೊತ್ತಿಗೆ ಮೇಜಿನ ಮೇಲಿರುತ್ತವೆ. ಅವುಗಳ ನಡುವೆ ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಿ. ಇನ್ನೊಂದು ದಿನ ಇದೇ ಏರ್ಪಾಡನ್ನು ಸಂಜೆಗೆ ಸರಿಸಿರಿ. ಆಗ ಹುಳಿ ಹಿಟ್ಟು ಸದಾ ಮಧ್ಯಾಹ್ನದ ಬಿಸಿಯೊಡನೆ, ಹಸಿ ಹಿಟ್ಟು ಸದಾ ಬೆಳಗಿನ ತಂಪಿನೊಡನೆ ಜೋಡಿಯಾಗುವುದು ತಪ್ಪುತ್ತದೆ. ಅಕ್ಕಿಯ ಬಗೆ, ಉದ್ದಿನಬೇಳೆಯ ಪ್ರಮಾಣ, ಉಪ್ಪು, ಪಾತ್ರೆ ಇವನ್ನೂ ಬೇಕೆಂದೇ ಬದಲಿಸುತ್ತ ಹೋಗಬೇಕು, ಏಕೆಂದರೆ ಒಂದೇ ಮನೆಯ ಒಂದೇ ಹದದ ಹಿಟ್ಟನ್ನು ಕಲಿತ ಮೂಗು ಪಕ್ಕದ ಮನೆಯಲ್ಲಿ ತಬ್ಬಿಬ್ಬಾಗುತ್ತದೆ. ಕನಿಷ್ಠ ಹತ್ತು ಹನ್ನೆರಡು ಬೇರೆ ಬೇರೆ ರುಬ್ಬುಗಳಾದರೂ ಆಗಬೇಕು. ಒಂದೇ ರುಬ್ಬಿನಿಂದ ನೂರು ಸಲ ಅಳೆದರೂ ನಿಮ್ಮ ಬಳಿ ಇರುವುದು ಒಂದೇ ಹಿಟ್ಟಿನ ಕಥೆ.

ಪ್ರತಿ ದಿನದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಎರಡು ಅಳತೆಗಳು ಕಡ್ಡಾಯ. ಒಂದು, ಬರಿಯ ನೀರಿನ ಸೀಸೆ. ಇನ್ನೊಂದು, ಪ್ರಯೋಗಾಲಯದ ಶುದ್ಧ ಎಥನಾಲನ್ನು (ಮದ್ಯಸಾರವನ್ನು) ಒಂದು ಲೀಟರ್ ನೀರಿಗೆ ಒಂದು ಮಿಲಿಲೀಟರಿನಂತೆ ಬೆರೆಸಿದ ದ್ರಾವಣ. ಈ ದ್ರಾವಣ ಎಂದಿಗೂ ಒಂದೇ ಆಗಿರುವುದರಿಂದ, ಸೆನ್ಸರು ಅದಕ್ಕೆ ಕೊಡುವ ಉತ್ತರ ವಾರದಿಂದ ವಾರಕ್ಕೆ ಬದಲಾದರೆ ಬದಲಾದದ್ದು ಸೆನ್ಸರೇ ಎಂದು ಗೊತ್ತಾಗುತ್ತದೆ. ದ್ರಾವಣವನ್ನು ಆಗಾಗ ಹೊಸದಾಗಿ ಮಾಡಿಕೊಂಡು, ಗಾಜಿನ ಬಿರಡೆಯ ಸೀಸೆಯಲ್ಲಿ ತಂಪಾಗಿಡಬೇಕು.

ಅಂಕಿಗಳಿಂದ ಕಲಿಕೆಗೆ

ದಾಖಲಾದ ವೋಲ್ಟೇಜನ್ನು ಮೊದಲು ರೋಧಕ್ಕೆ ಪರಿವರ್ತಿಸಿರಿ. ಆವಿಯ ಸಾಂದ್ರತೆ ಮತ್ತು ರೋಧದ ನಡುವಿನ ಸಂಬಂಧ ಘಾತ ನಿಯಮವನ್ನು ಅನುಸರಿಸುವುದರಿಂದ, ಶುದ್ಧ ಗಾಳಿಯ ರೋಧವನ್ನು ಹಿಟ್ಟಿನ ಗಾಳಿಯ ರೋಧದಿಂದ ಭಾಗಿಸಿ ಲಾಗರಿದಮ್ ತೆಗೆದುಕೊಂಡರೆ ಒಳ್ಳೆಯ ಮೊದಲ ಲಕ್ಷಣ (ಕಂಪ್ಯೂಟರಿಗೆ ಕಲಿಯಲು ಕೊಡುವ ಅಂಕಿ) ಸಿಗುತ್ತದೆ. ಸ್ಪಂದನೆ ಏರಿದ ವೇಗ ಮತ್ತು ಮರಳಿದ ವೇಗ ಇವುಗಳೂ ಬೆಲೆಯುಳ್ಳವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಲ್ಲಿ ತಯಾರಾದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ದತ್ತಾಂಶದಲ್ಲಿ 16 ಸೆನ್ಸರುಗಳಿಗೆ ತಲಾ ಎಂಟರಂತೆ 128 ಲಕ್ಷಣಗಳಿವೆ. ಎಂಟರಲ್ಲಿ ಎರಡು ಸ್ಥಿರಮಟ್ಟದವು, ಆರು ಏರಿಳಿತದ ವೇಗದವು. ಆರು ಅನಿಲಗಳ 13,910 ಅಳತೆಗಳು 36 ತಿಂಗಳುಗಳಲ್ಲಿ ಹರಡಿಕೊಂಡು ಹತ್ತು ಕಂತುಗಳಾಗಿ ಜೋಡಣೆಯಾಗಿವೆ. ಸ್ವಂತ ಸೆನ್ಸರುಗಳು ಉರಿದು ಸಿದ್ಧವಾಗುವ ವಾರದಲ್ಲಿ ಇದರ ಮೇಲೆ ಕೈಪಳಗಿಸಿಕೊಳ್ಳಿರಿ. ಮೊದಲ ಕಂತಿನಲ್ಲಿ ಕಲಿಸಿದ ಮಾದರಿಯನ್ನು (ಅಂಕಿಗಳಿಂದ ಕಂಪ್ಯೂಟರ್ ಕಲಿತ ಲೆಕ್ಕವನ್ನು) ಕೊನೆಯ ಕಂತಿನಲ್ಲಿ ಪರೀಕ್ಷಿಸಿ ನೋಡಿದರೆ, ಮೂರು ವರ್ಷದಲ್ಲಿ ಸೆನ್ಸರುಗಳು ಎಷ್ಟು ಬದಲಾಗುತ್ತವೆ ಎಂಬುದು ಯಾವ ವಿವರಣೆಗಿಂತಲೂ ಚೆನ್ನಾಗಿ ಮನದಟ್ಟಾಗುತ್ತದೆ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸೈಕಿಟ್-ಲರ್ನ್ ಎಂಬ ಕಲಿಕೆಯ ತಂತ್ರಾಂಶ ಇದ್ದರೆ ಬೇರೆ ತಂತ್ರಾಂಶ ಬೇಡ. ಮೊದಲು ಪ್ರಧಾನ ಘಟಕ ವಿಶ್ಲೇಷಣೆ (ಹಲವು ಲಕ್ಷಣಗಳನ್ನು, ಅಂಕಿಗಳು ಅತಿ ಹೆಚ್ಚು ಬದಲಾಗುವ ಒಂದೆರಡು ದಿಕ್ಕುಗಳಿಗೆ ಇಳಿಸುವ ಲೆಕ್ಕ) ಮಾಡಿ ಬಿಂದುಗಳನ್ನು ಕಾಗದದ ಮೇಲೆ ನೋಡಿರಿ, ಒಮ್ಮೆ ಪಿಎಚ್ ಪ್ರಕಾರ ಬಣ್ಣ ಹಾಕಿ, ಇನ್ನೊಮ್ಮೆ ದಿನಾಂಕದ ಪ್ರಕಾರ. ದಿನಾಂಕದ ಬಣ್ಣಗಳು ಗುಂಪುಗುಂಪಾಗಿ ಹೆಚ್ಚು ಅಂದವಾಗಿ ಬೇರ್ಪಟ್ಟರೆ ಅಲ್ಲಿಯೇ ನಿಲ್ಲಿಸಿ ಅಳತೆಯ ಕ್ರಮಕ್ಕೆ ಹಿಂತಿರುಗಬೇಕು. ಚಿತ್ರ ಸಮಾಧಾನಕರವಾಗಿದ್ದರೆ ಸರಳ ಮಾದರಿಗಳಿಂದ ಆರಂಭಿಸಿರಿ. ಪಿಎಚ್ ಬೆಲೆಯನ್ನೇ ಊಹಿಸುವ ರಿಜ್ ರಿಗ್ರೆಶನ್, ವರ್ಗಗಳನ್ನು ನೇರ ಗೆರೆಯಿಂದ ಬೇರ್ಪಡಿಸುವ ಲೀನಿಯರ್ ಡಿಸ್ಕ್ರಿಮಿನೆಂಟ್, ಆಮೇಲೆ ಇನ್ನೂ ಸಂಕೀರ್ಣ ವಿಧಾನಗಳಾದ ಸಪೋರ್ಟ್ ವೆಕ್ಟರ್ ಮಶೀನ್ ಅಥವಾ ರ್‍ಯಾಂಡಮ್ ಫಾರೆಸ್ಟ್. ಇನ್ನೂರು ಮುನ್ನೂರು ಅಳತೆಗಳಿರುವಾಗ ಆಳವಾದ ನ್ಯೂರಲ್ ನೆಟ್‌ವರ್ಕನ್ನು ತರುವುದರಿಂದ ನೆನಪಿಟ್ಟುಕೊಳ್ಳುವ ಶಕ್ತಿ ಹೆಚ್ಚುತ್ತದೆಯೇ ಹೊರತು ವಾಸನೆಯ ತಿಳಿವಳಿಕೆ ಹೆಚ್ಚುವುದಿಲ್ಲ.

ಪರೀಕ್ಷಿಸುವ ವಿಧಾನದಲ್ಲಿ ಮಾತ್ರ ರಾಜಿ ಬೇಡ. ಅಳತೆಗಳನ್ನು ಕಲಸಿ ಎಂಬತ್ತು ಭಾಗ ಕಲಿಕೆಗೆ, ಇಪ್ಪತ್ತು ಭಾಗ ಪರೀಕ್ಷೆಗೆ ಎಂದು ಹಂಚಿದರೆ, ಒಂದೇ ರುಬ್ಬಿನ ಹಿಟ್ಟು ಎರಡೂ ಕಡೆ ಸೇರಿ ಫಲಿತಾಂಶ ಉಬ್ಬುತ್ತದೆ. ಒಂದು ಅಳತೆಯನ್ನು ಹತ್ತು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಲಸಿದರಂತೂ ಪ್ರಶ್ನೆಪತ್ರಿಕೆಯ ಜೊತೆಗೆ ಉತ್ತರವನ್ನೂ ಕೊಟ್ಟಂತೆ. ಪ್ರತಿ ರುಬ್ಬಿಗೂ ಒಂದು ಸಂಖ್ಯೆ ಕೊಟ್ಟು, ‘ಲೀವ್ ಒನ್ ಗ್ರೂಪ್ ಔಟ್’ ವಿಧಾನದಿಂದ ಒಂದು ರುಬ್ಬನ್ನು ಪೂರ್ತಿಯಾಗಿ ಹೊರಗಿಟ್ಟು ಉಳಿದವುಗಳಿಂದ ಕಲಿಸಿರಿ, ಹೀಗೆ ಸರದಿಯ ಮೇಲೆ ಎಲ್ಲವನ್ನೂ ಪರೀಕ್ಷಿಸಿರಿ. ಲಕ್ಷಣಗಳನ್ನು ಒಂದೇ ಅಳತೆಗೆ ತರುವ ಹಂತವೂ ಕಲಿಕೆಯ ಹಂತಗಳನ್ನು ಒಟ್ಟಿಗೆ ಪೋಣಿಸುವ ಪೈಪ್‌ಲೈನಿನ ಒಳಗೇ ನಡೆಯಬೇಕು, ಇಲ್ಲವಾದರೆ ಪರೀಕ್ಷೆಯ ಹಿಟ್ಟಿನ ಸರಾಸರಿ ಕಲಿಕೆಯೊಳಗೆ ನುಸುಳುತ್ತದೆ. ಇದರ ಮೇಲೆ ಇನ್ನೆರಡು ಪರೀಕ್ಷೆಗಳನ್ನು ಮಾಡಿರಿ. ಮೊದಲನೆಯದರಲ್ಲಿ ಹಿಟ್ಟಿನ ಗಾಳಿ ಬರುವ ಮುನ್ನದ ಮೂರು ನಿಮಿಷಗಳ ಅಂಕಿಗಳನ್ನಷ್ಟೇ ಕೊಟ್ಟು ಕಲಿಸಬೇಕು, ಉತ್ತರ ಕುರುಡು ಊಹೆಗಿಂತ ಉತ್ತಮವಾಗಿ ಬಂದರೆ ಮೇಲೆ ಹೇಳಿದ ದಿನಾಂಕದ ಮೋಸ ನಿಮ್ಮಲ್ಲೂ ಇದೆ. ಎರಡನೆಯದರಲ್ಲಿ ತೇವ ಮತ್ತು ಉಷ್ಣಾಂಶದ ಅಂಕಿಗಳನ್ನಷ್ಟೇ ಕೊಟ್ಟು ಕಲಿಸಬೇಕು. ನಿಮ್ಮ ಮೂಗು ಈ ಎರಡನ್ನೂ ಸ್ಪಷ್ಟವಾಗಿ ಮೀರಿಸಿದರೆ ಮಾತ್ರ ಅದು ಏನನ್ನೋ ಮೂಸುತ್ತಿದೆ ಎನ್ನಬಹುದು. ಹೀಗೆ ಪರೀಕ್ಷಿಸಿದಾಗ ತೊಂಬತ್ತೆಂಟು ಇದ್ದದ್ದು ಎಪ್ಪತ್ತಕ್ಕೆ ಇಳಿದರೆ ನಿರಾಶೆಪಡಬೇಡಿರಿ, ಆ ಎಪ್ಪತ್ತು ನಿಮ್ಮದೇ ಗಳಿಕೆ.

ಬಳಕೆಗೆ ಇಟ್ಟ ಮೇಲೆ

ಕಲಿತ ಮಾದರಿಯನ್ನು ಇಎಸ್‌ಪಿ32ರಂಥ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಇಳಿಸುವುದು ಕಷ್ಟವಲ್ಲ, ಸರಳ ರೇಖೀಯ ಮಾದರಿಗೆ ಕೆಲವು ಗುಣಾಕಾರಗಳಷ್ಟೇ ಸಾಕು. ಆದರೆ ‘ಗೊತ್ತಿಲ್ಲ’ ಎನ್ನುವ ಉತ್ತರವನ್ನೂ ಅದಕ್ಕೆ ಕಲಿಸಿರಬೇಕು. ಪಕ್ಕದ ಒಲೆಯಲ್ಲಿ ಒಗ್ಗರಣೆ ಸಿಡಿದಾಗ, ಕಲಿಕೆಯ ದತ್ತಾಂಶದಲ್ಲಿ ಎಂದೂ ಕಾಣದ ಸ್ಪಂದನೆ ಬರುತ್ತದೆ. ಕಂಡ ವ್ಯಾಪ್ತಿಯಿಂದ ಬಹಳ ದೂರವಿರುವ ಬಿಂದುವಿಗೆ ಉತ್ತರ ಕೊಡದಿರುವಂತೆ ಒಂದು ಮಿತಿಯನ್ನು ಇಡಿರಿ. ಇಂಥ ಉಪಕರಣವನ್ನು ಅಡುಗೆ ಅನಿಲದ ಸೋರಿಕೆಯ ಎಚ್ಚರಿಕೆಗೆ ಎಂದೂ ನೆಚ್ಚಬಾರದು. ಆ ಕೆಲಸಕ್ಕೆ ಪ್ರಮಾಣೀಕರಿಸಿದ ಅಲಾರಮುಗಳೇ ಬೇಕು.

ಸೆನ್ಸರುಗಳ ನಿಧಾನದ ಸರಿತಕ್ಕೆ ಗಣಿತದ ಹಲವು ಮದ್ದುಗಳಿವೆ. ಅವುಗಳಲ್ಲಿ ಅರ್ಥಮಾಡಿಕೊಳ್ಳಲು ಸುಲಭವಾದದ್ದು, ಎಥನಾಲ್ ದ್ರಾವಣದ ದಿನನಿತ್ಯದ ಅಳತೆಗಳು ಯಾವ ದಿಕ್ಕಿನಲ್ಲಿ ಸರಿಯುತ್ತಿವೆ ಎಂಬುದನ್ನು ಪ್ರಧಾನ ಘಟಕ ವಿಶ್ಲೇಷಣೆಯಿಂದ ಕಂಡುಹಿಡಿದು, ಆ ದಿಕ್ಕಿನ ಅಂಶವನ್ನು ಎಲ್ಲ ಅಳತೆಗಳಿಂದಲೂ ಕಳೆಯುವುದು. ಇದು ಸಾಲದಾದಾಗ ಹೊಸ ಹಿಟ್ಟುಗಳಿಂದ ಸ್ವಲ್ಪ ಮರುಕಲಿಕೆ ಅನಿವಾರ್ಯ. ಸೆನ್ಸರೊಂದು ಕೆಟ್ಟು ಅದೇ ಸಂಖ್ಯೆಯ ಹೊಸದನ್ನು ಹಾಕಿದಾಗಲೂ ಅಷ್ಟೇ. ಒಂದೇ ಕಾರ್ಖಾನೆಯ ಎರಡು ಟಿಜಿಎಸ್ 2620 ಸೆನ್ಸರುಗಳ ಮೂಲ ರೋಧವೇ ಒಂದಕ್ಕೊಂದು ಬಹಳ ಭಿನ್ನವಾಗಿರುತ್ತದೆ. ಹೊಸದನ್ನು ಒಂದು ವಾರ ಉರಿಸಿ, ನೀರು ಮತ್ತು ಎಥನಾಲ್ ದ್ರಾವಣಗಳನ್ನೂ ಮೂರು ಹಂತದ ಹಿಟ್ಟುಗಳನ್ನೂ ಹಳೆಯ ಜೋಡಿ ಸೆನ್ಸರಿನೊಡನೆ ಒಟ್ಟಿಗೆ ಅಳೆದು, ಹೊಸದರ ಉತ್ತರವನ್ನು ಹಳೆಯದರ ಉತ್ತರಕ್ಕೆ ಹೊಂದಿಸುವ ಸಮೀಕರಣವನ್ನು ಬರೆದುಕೊಳ್ಳಿರಿ. ಬದಲಿಸಿದ ದಿನಾಂಕವನ್ನೂ ಸೆನ್ಸರಿನ ಗುರುತುಸಂಖ್ಯೆಯನ್ನೂ ದತ್ತಾಂಶದ ಕಡತದಲ್ಲಿಯೇ ಒಂದು ಕಾಲಂ ಮಾಡಿ ಸೇರಿಸಿರಿ, ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಬರೆದದ್ದು ಆರು ತಿಂಗಳ ನಂತರ ಬೇಕಾದಾಗ ಕೈಗೆ ಸಿಗುವುದಿಲ್ಲ.